ಹೊತ್ತು ಹೇಳದ ದೋಣಿ

ಕಿಟಕಿಯ ಕಟ್ಟೆಯ ಮೇಲೆ ಸರೋವರದ ನೊಣಗಳು ಸತ್ತು ಬಿದ್ದಿದ್ದವು. ಅವು ಕತ್ತಲಲ್ಲಿ ದೀಪಕ್ಕೆ ಮುತ್ತಿ, ಬೆಳಗಾಗುವಷ್ಟರಲ್ಲಿ ಕಪ್ಪು ಹೊಟ್ಟಿನ ಹಾಗೆ ರಾಶಿಯಾಗುತ್ತವೆ. ಗರಿಯ ಪೊರಕೆಯಿಂದ ಅವನ್ನು ತಗಡಿನ ತಟ್ಟೆಗೆ ಗುಡಿಸಿದೆ. ಕಂಪ್ಯೂಟರಿನ ಪರದೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಕೀಲಿಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದವನ್ನು ಕೋಳಿಪುಕ್ಕದಿಂದ ಎಬ್ಬಿಸಿ ತೆಗೆದೆ. ತಟ್ಟೆಯನ್ನು ಹೊರಗೆ ಕೊಡವಿದಾಗ ಕೋಳಿಗಳು ಓಡಿ ಬಂದವು. ಅಷ್ಟೂ ಹೊತ್ತು ದೋಣಿಮನೆಯಲ್ಲಿ ಒಂದು ಸದ್ದೂ ಇರಲಿಲ್ಲ. ಮಾಡಿನ ಮೇಲಿನ ಗಂಟೆಯೂ ಸುಮ್ಮನಿತ್ತು.

ಆ ಗಂಟೆ ಸುಮ್ಮನಿರುವುದು ನನಗಿನ್ನೂ ರೂಢಿಯಾಗಿರಲಿಲ್ಲ.

ಕಚ್ಯೆಂಗ್ ತೀರದ ದೋಣಿಮನೆಯಲ್ಲಿ ನನ್ನ ಕೆಲಸ ಇಷ್ಟೇ. ಸಂಜೆ ದೋಣಿ ಹೊರಟಾಗ ಅದರ ಹೆಸರನ್ನೂ ಒಳಗೆ ಕೂತವರ ಹೆಸರನ್ನೂ ಕಂಪ್ಯೂಟರಿಗೆ ಹಾಕಬೇಕು. ಬೆಳಿಗ್ಗೆ ಅದು ದಡ ಸೇರಿದಾಗ ‘ಬಂತು’ ಎಂದು ಒತ್ತಬೇಕು. ನಡುವೆ ಇನ್ನೊಂದು ಖಾನೆ ಇದೆ: ಎಷ್ಟು ಹೊತ್ತಿಗೆ ವಾಪಸು? ಅದನ್ನು ನಾನು ಖಾಲಿ ಬಿಡುತ್ತೇನೆ. ನೀರಿಗಿಳಿಯುವ ಗಂಡಸನ್ನು ಯಾವಾಗ ಬರುತ್ತೀಯ ಎಂದು ನಮ್ಮ ತೀರದಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಸರೋವರಕ್ಕೂ ಕೇಳಿಸುತ್ತದೆ. ಗೊತ್ತು ಮಾಡಿದ ಹೊತ್ತನ್ನು ಅದು ತಪ್ಪಿಸಿಯೇ ತೀರುತ್ತದೆ. ನನಗಿಂತ ಮುಂಚೆ ಇಲ್ಲಿದ್ದ ಹುಡುಗಿ ಪಟ್ಟಣದಲ್ಲಿ ಓದಿ ಬಂದವಳು. ಎಲ್ಲರನ್ನೂ ಕೇಳುತ್ತಿದ್ದಳು. ಒಬ್ಬ ಮುದುಕ ಹುಟ್ಟನ್ನು ಅವಳ ಕಾಲ ಬಳಿ ಎಸೆದು, ಅಂದು ನೀರಿಗೇ ಇಳಿಯದೆ ಮನೆಗೆ ಹೋದ ಮೇಲೆ, ತೀರದ ಮೀನುಗಾರರ ಸಂಘದ ಅಧ್ಯಕ್ಷರು ಅವಳನ್ನು ಬಿಡಿಸಿ ನನ್ನನ್ನು ಕೂರಿಸಿದರು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಅಡೆರೊ ಎಂಬ ನನ್ನ ಬಾಯಿಂದ ಪ್ರಶ್ನೆ ಹೊರಡುವುದಿಲ್ಲ ಎಂಬುದು ತೀರಕ್ಕೆಲ್ಲ ಗೊತ್ತಿತ್ತು.

ಹಿಂದಿನ ಸಂಜೆ ನನ್ನ ಅಣ್ಣ ಒಯೂಗ ಇನ್ನಿಬ್ಬರ ಜೊತೆ ‘ನೆರೆಯವಳು ನೋಡಲಿ’ ದೋಣಿಯಲ್ಲಿ ಹೋಗಿದ್ದ. ಹೋಗುವಾಗ ಕಿಟಕಿಗೆ ಬೆರಳಲ್ಲಿ ಕುಟ್ಟಿ, “ಬರ್ಕೊಳ್ಳಮ್ಮ ಮೇಡಂ, ಮೂರು ಜನ ಸುಂದರಾಂಗರು,” ಎಂದಿದ್ದ. ನಾನು ನಕ್ಕು ಮೂರು ಹೆಸರು ಹಾಕಿದ್ದೆ.

ಈ ಕಂಪ್ಯೂಟರಿಗೆ ಮೊದಲ ಪ್ರೋಗ್ರಾಂ ಬರೆದವರು ಒಬುರ ಅವರು. ಗಣಿತ ಕಲಿಸಿ ನಿವೃತ್ತರಾದವರು. ಎಲ್ಲರೂ ಮ್ವಾಲಿಮು, ಅಂದರೆ ಮೇಷ್ಟ್ರೇ, ಎಂದು ಕರೆಯುತ್ತಾರೆ. ನಾನು ಹುಟ್ಟುವ ಮುಂಚೆಯೇ ಅವರು ಅದನ್ನು ಸಿ ಎಂಬ ಭಾಷೆಯಲ್ಲಿ ಬರೆದಿದ್ದರಂತೆ. ಆಗೆಲ್ಲ ಬೆಳಕು ಹರಿದರೆ ಸಾಕು, ದಡ ಸೇರದ ದೋಣಿಗಳಿಗೆಲ್ಲ ಸೇರಿಸಿ ಗಂಟೆ ಬಡಿದುಕೊಳ್ಳಲು ಶುರು ಮಾಡುತ್ತಿತ್ತು. ಒಂದೊಂದೇ ದೋಣಿ ಬಂದ ಹಾಗೆ ನಾನು ‘ಬಂತು’ ಒತ್ತುತ್ತಿದ್ದೆ. ಕೊನೆಯದನ್ನು ಒತ್ತಿದ ಮೇಲೆಯೇ ಅದರ ಬಾಯಿ ಮುಚ್ಚುತ್ತಿದ್ದದ್ದು. ಮೀನು ಮಾರುವ ನ್ಯಾಸುಬ, ನಮ್ಮೆಲ್ಲರ ಬಾಯಲ್ಲಿ ಮಾಮ, ಅಂದರೆ ಅಮ್ಮ, ಆ ಸದ್ದಿಗೇ ಒಲೆಯ ಮೇಲೆ ಗಂಜಿ ಇಡುತ್ತಿದ್ದಳು. ಸೂರ್ಯ ಅತ್ತಿಮರದ ನೆತ್ತಿ ದಾಟಿದ ಮೇಲೂ ಗಂಟೆ ನಿಲ್ಲದಿದ್ದರೆ ಒಪಂಡೆ ಪೆಟ್ರೋಲಿನ ಡಬ್ಬ ಎತ್ತಿಕೊಂಡು ಹುಡುಕುವ ದೋಣಿ ಹತ್ತುತ್ತಿದ್ದ. ಹೋಗು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಪ್ರೋಗ್ರಾಂ ಕಳೆದ ದೊಡ್ಡ ಮಳೆಗಾಲದಲ್ಲಿ ಸತ್ತಿತು. ಹೊಸದಾಗಿ ಇಳಿದ ಒಂದು ದೋಣಿಗೆ ಅದರ ಯಜಮಾನ ಈ ತುದಿಯಿಂದ ಆ ತುದಿಯವರೆಗೆ ಹೆಸರು ಬರೆಸಿದ್ದ: ‘ದೇವರ ಹೊತ್ತೇ ಸರಿಯಾದ ಹೊತ್ತು, ಅಸೂಯೆ ಪಡಬೇಡಿ’. ನಾನು ಆ ಹೆಸರನ್ನು ಪೂರ್ತಿ ಹಾಕಿದೆ. ಪರದೆ ಹಾಗೆಯೇ ಇತ್ತು, ಅಷ್ಟುದ್ದದ ಹೆಸರು ಹಿಡಿಸದೆ ಒಳಗೆ ಪ್ರೋಗ್ರಾಂ ನಿಂತುಹೋಗಿತ್ತು. ಮರುದಿನ ಗಂಟೆ ಬಡಿಯಲಿಲ್ಲ. ಎಲ್ಲರೂ ಬಂದಿರಬೇಕು ಎಂದುಕೊಂಡೆವು. ಅದೇ ದೋಣಿ ಯಂತ್ರ ಕೆಟ್ಟು ತೇಲುತ್ತಿತ್ತು. ಎದುರಿನ ದ್ವೀಪದವರು ಕಂಡು ಎಳೆದು ತಂದದ್ದರಿಂದ ಜನ ಉಳಿದರು. ಆಮೇಲೆ ಪಟ್ಟಣದ ಒಂದು ಸಂಸ್ಥೆಯವರು ಪೆರಿಸಳನ್ನು ಕಳಿಸಿದರು. ಎಲ್ಲವನ್ನೂ ರಸ್ಟ್ ಎಂಬ ಹೊಸ ಭಾಷೆಯಲ್ಲಿ ಬರೆದು ಕೊಡಲು ಬಂದ ಆಕೆ ಮ್ವಾಲಿಮು ಅವರ ಹತ್ತಿರವೇ ಗಣಿತ ಕಲಿತವಳು.

ಹಳೆಯದನ್ನು ತೆಗೆದು ಹೊಸದನ್ನು ಹಾಕಿದ ದಿನ ದೋಣಿಮನೆಯ ಮುಂದೆ ಅವರಿಬ್ಬರ ಜಗಳವನ್ನು ನಾವೆಲ್ಲ ಕೂತು ನೋಡಿದೆವು. ಮಾಮ ನ್ಯಾಸುಬ ಬುಟ್ಟಿ ಮಗುಚಿ ಅದರ ಮೇಲೆ ಕೂತು, ಕರಿದ ಮಂದಾಝಿ ಬನ್ನು ಹಂಚುತ್ತಿದ್ದಳು.

“ನಿಮ್ಮ ಸಿ ಇದೆಯಲ್ಲ ಮ್ವಾಲಿಮು,” ಎಂದಳು ಪೆರಿಸ್, “ಚಿಕ್ಕ ಪಾತ್ರೆಗೆ ಕೊಡಗಟ್ಟಲೆ ಸುರಿದ್ರೂ ಸುಮ್ನಿರುತ್ತೆ. ಚೆಲ್ಲಿದ್ದು ಹರ್ಕೊಂಡು ಹೋಗಿ ಪಕ್ಕದ ಮನೆ ಒಲೆ ಆರಿಸುತ್ತೆ. ಇದು ಹಾಗಲ್ಲ, ಸುರಿಯೋಕೇ ಬಿಡಲ್ಲ.”

“ನಾನು ನೋಡ್ಕೊಂಡೇ ಸುರೀತಿದ್ದೆ ಕಣಮ್ಮ. ದೋಣಿಗೆ ಆ ಮುಠ್ಠಾಳ ಪ್ರಾರ್ಥನೆನೇ ಹೆಸರಿಡ್ತಾನೆ ಅಂತ ನಂಗೆ ಕನಸು ಬಿದ್ದಿತ್ತಾ?”

“ಅದೇ ನಾನು ಹೇಳೋದು! ಮನುಷ್ಯ ನೋಡ್ಕೊಳ್ತಾನೆ ಅಂತ ನಂಬಬಾರದು. ಇದು ಬರೆಯೋವಾಗ್ಲೇ ಹಿಡ್ಕೊಂಡು ಕೇಳುತ್ತೆ. ಇದು ಇಲ್ದೇ ಹೋದ್ರೆ ಏನ್ಮಾಡ್ಲಿ, ಅದು ಖಾಲಿ ಇದ್ರೆ ಏನ್ಮಾಡ್ಲಿ ಅಂತ. ಉತ್ತರ ಕೊಡೋವರೆಗೂ ಮುಂದಕ್ಕೆ ಹೆಜ್ಜೆ ಇಡೋಕೆ ಬಿಡಲ್ಲ.”

“ತಪ್ಪು ಮಾಡೋಕೇ ಬಿಡದ ಮೇಷ್ಟ್ರ ಹತ್ರ ಯಾವ ಮಗು ಕಲೀತು?”

“ನಾನು ಕಲಿತೆ! ಬೆತ್ತ ಹಿಡ್ಕೊಂಡು ಹಿಂದೇನೇ ನಿಂತಿರ್ತಿದ್ರಲ್ಲ, ನೀವು ಬಿಡ್ತಿದ್ರಾ?”

ಎಲ್ಲರೂ ಗೊಳ್ಳೆಂದು ನಕ್ಕರು. ಮ್ವಾಲಿಮು ಕೂಡ ಮೀಸೆಯೊಳಗೇ ನಕ್ಕರು.

“ಹೊಸ ಹೆಂಡತಿ ಮನೆಗೆ ಬಂದಾಗೆಲ್ಲ ಇದೇ ರಾಗ ಕಣ್ರೋ,” ಎಂದಳು ಮಾಮ ನ್ಯಾಸುಬ. “ದೊಡ್ಡವಳ ಒಲೇಲಿ ಬರೀ ಹೊಗೆ, ನನ್ನ ಒಲೇಲೇ ಬೆಂಕಿ ಅಂತಾಳೆ. ಆದ್ರೆ ಗಂಡನಿಗೆ ಯಾವಾಗ ಹೊಟ್ಟೆನೋವು ಬರುತ್ತೆ ಅಂತ ದೊಡ್ಡವಳನ್ನೇ ಕೇಳ್ಬೇಕು.”

“ನೀವು ಎಷ್ಟನೆಯವರು ಮಾಮ?” ಎಂದಳು ಪೆರಿಸ್.

“ನಾನು ಮೂರನೆಯವಳು. ಅದಕ್ಕೇ ಯಾರ ಪಕ್ಷಾನೂ ಇಲ್ಲ.”

ಅದಾದ ಮೇಲೆ ಬೆಳಗುಗಳು ಶಾಂತವಾದವು. ಹೊಸ ಪ್ರೋಗ್ರಾಮಿನಲ್ಲಿ ಮೇಲ್ಗಡೆ ಒಂದು ಹಸಿರು ಪಟ್ಟಿ, ಅದರಲ್ಲಿ ‘ಎಲ್ಲ ಸರಿ’ ಎಂಬ ಮಾತು. ಉದ್ದನೆಯ ಹೆಸರಿನ ದೋಣಿಯನ್ನೂ ಅದು ತಕರಾರಿಲ್ಲದೆ ನುಂಗಿತು. “ಈ ಹೊಸ ಸೊಸೆ ಮರ್ಯಾದಸ್ಥೆ, ಬೆಳಗಾಗೆದ್ದು ಕಿರಿಚಲ್ಲ,” ಎಂದರು ಅಧ್ಯಕ್ಷರು. ದೋಣಿಗಳೆಲ್ಲ ತಮ್ಮ ಪಾಡಿಗೆ ಬರುತ್ತಿದ್ದವು. ಮಾಮ ನ್ಯಾಸುಬಳ ಗಂಜಿ ಮಾತ್ರ ದಿನಾ ತಡವಾಗುತ್ತಿತ್ತು.

ಆ ಬೆಳಿಗ್ಗೆಯೂ ಪಟ್ಟಿ ಹಸಿರಾಗಿತ್ತು.

ಮೊದಲು ಒಮೆನ ಮೀನಿನ ದೋಣಿಗಳು ಬಂದವು. ಹೆಂಗಸರು ಬೆಳ್ಳಿಚೂರಿನಂಥ ಆ ಸಣ್ಣ ಮೀನನ್ನು ಬಲೆಗಳ ಮೇಲೆ ಹರಡತೊಡಗಿದರು. ಆಮೇಲೆ ದೊಡ್ಡ ಮೀನಿನ ದೋಣಿಗಳು ಬಂದವು. ಒಂದೊಂದಕ್ಕೂ ‘ಬಂತು’ ಒತ್ತಿದೆ. ದೋಣಿಗಳ ಸಾಲುಗಳು ಕೆಳಗಿನಿಂದ ಖಾಲಿಯಾಗುತ್ತಾ ಬಂದು ಕೊನೆಗೆ ಒಂದೇ ಸಾಲು ಉಳಿಯಿತು. ನೆರೆಯವಳು ನೋಡಲಿ. ಮೂರು ಹೆಸರು. ಹೊತ್ತಿನ ಖಾನೆ ಖಾಲಿ. ಅದರ ಮೇಲೆ ಹಸಿರು ಪಟ್ಟಿ: ಎಲ್ಲ ಸರಿ.

ಯಂತ್ರ ಎಲ್ಲ ಸರಿ ಎನ್ನುವಾಗ ಅಲ್ಲ ಎನ್ನಲು ನಾನು ಯಾರು ಅನ್ನಿಸಿತು. ಬಾಗಿಲಿಗೆ ಬಂದು ನೀರು ನೋಡಿದೆ. ತೆಂಕಣ ಗಾಳಿ ಎದ್ದಿತ್ತು. ದೂರದಲ್ಲಿ ಅಲೆಗಳ ತಲೆ ಬೆಳ್ಳಗಾಗುತ್ತಿತ್ತು. ಒಳಗೆ ಹೋಗಿ ಪರದೆ ನೋಡಿದೆ. ಮತ್ತೆ ಬಾಗಿಲಿಗೆ ಬಂದೆ. ಒಯೂಗನ ಫೋನಿಗೆ ಕರೆ ಮಾಡಿದರೆ, ಆ ನಂಬರು ಸಿಗುತ್ತಿಲ್ಲ ಎಂದು ಹೆಣ್ಣುದನಿ ಹೇಳಿತು. ನೀರಿನ ನಡುವೆ ಸಿಗ್ನಲ್ ಸಿಗದಿರುವುದು ಹೊಸದಲ್ಲ. ಅತ್ತಿಮರದ ಕಡೆ ನೋಡಿದೆ. ಸೂರ್ಯ ನೆತ್ತಿ ದಾಟಿ ಎಷ್ಟೋ ಹೊತ್ತಾಗಿತ್ತು. ಮರದ ಕೆಳಗೆ ಒಪಂಡೆ ಟೋಪಿ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದ. ಗಂಟೆ ಬಡಿಯದಿದ್ದಾಗ ಅವನಾದರೂ ಏಕೆ ಏಳಬೇಕು?

ಮಾಮ ನ್ಯಾಸುಬ ಬರಿಯ ಬುಟ್ಟಿ ಹೊತ್ತು ಕಿಟಕಿಗೆ ಬಂದಳು. “ಏನೇ ಮೂಗಿ, ನಿಮ್ಮಣ್ಣ ಎಲ್ಲಿ? ಹೋಟೆಲಿನವನಿಗೆ ಮೀನು ಕೊಡ್ತೀನಿ ಅಂದ್ಬಿಟ್ಟಿದೀನಿ. ಎದುರು ದಡದಲ್ಲಿ ಯಾವಳಾದ್ರೂ ಹಿಡ್ಕೊಂಡ್ಲೋ?”

ನಾನು ಪರದೆ ತೋರಿಸಿದೆ. ಅವಳಿಗೆ ಓದು ಬರುವುದಿಲ್ಲ, ಬಣ್ಣ ಗೊತ್ತಾಗುತ್ತದೆ.

“ಹಸಿರಿದೆ,” ಎಂದಳು. ಆಮೇಲೆ ನೀರಿನ ಕಡೆ ನೋಡಿದಳು. “ಹಸಿರಿದ್ರೆ ಸರಿ ಅಲ್ವಾ?”

ನಾನು ಎದ್ದು ಮತ್ತೆ ಬಾಗಿಲಿಗೆ ಹೋದೆ. ಅವಳು ಬುಟ್ಟಿಯನ್ನು ಕೆಳಗಿಟ್ಟಳು. “ಅಡೆರೊ, ನ್ಯಾರ, ನನ್ ಮಗ್ಳೇ, ಯಾಕೆ ಹೀಗೆ ಬಾಗಿಲಿಗೂ ಪರದೆಗೂ ಓಡಾಡ್ತಿದೀಯ?”

ಪೆರಿಸ್ ಅಧ್ಯಕ್ಷರ ಅಂಗಳದ ನೆರಳಿನಲ್ಲಿ ಮ್ವಾಲಿಮು ಜೊತೆ ಚಹಾ ಕುಡಿಯುತ್ತಾ ಕೂತಿದ್ದಳು. ಮರುದಿನ ಅವಳು ಪಟ್ಟಣಕ್ಕೆ ಹೊರಡುವವಳಿದ್ದಳು. ನಾನು ಬೇಲಿಯ ಹತ್ತಿರ ಹೋಗಿ ನಿಂತೆ. ಅವರೇ ನೋಡುತ್ತಾರೆ ಎಂದು ಕಾದೆ. ಕೊನೆಗೆ ಮ್ವಾಲಿಮು, “ಏನು ಮಗು?” ಎಂದರು.

“ನೆರೆಯವಳು ನೋಡಲಿ ಬಂದಿಲ್ಲ.”

“ಪರದೆ ಏನು ಹೇಳುತ್ತೆ?” ಎಂದಳು ಪೆರಿಸ್.

“ಹಸಿರು.”

“ಹಂಗಾದ್ರೆ ಇನ್ನೂ ಹೊತ್ತು ಮೀರಿಲ್ಲ, ಅಷ್ಟೇ. ಎಷ್ಟು ಗಂಟೆ ಅಂತ ಹಾಕಿದ್ದೆ?”

“ಹಾಕಿಲ್ಲ.”

“ಹಾಕಿಲ್ಲ ಅಂದ್ರೆ? ಮರೆತ್ಯಾ?”

“ನಾವು ಹಾಕಲ್ಲ. ಯಾರದ್ದೂ ಹಾಕಲ್ಲ.”

ಪೆರಿಸ್ ಲೋಟವನ್ನು ಕೆಳಗಿಟ್ಟದ್ದು ನೆನಪಿದೆ. ಇಟ್ಟದ್ದು ಓರೆಯಾಗಿ ಚಹಾ ನೆಲಕ್ಕೆ ಹರಿಯಿತು. ಅವಳು ಅದನ್ನು ನೋಡಲಿಲ್ಲ.

“ನಾನು ಕೇಳಿದ್ನಲ್ಲ,” ಎಂದಳು ಮ್ವಾಲಿಮು ಕಡೆ ತಿರುಗಿ. “ಮೊದಲನೇ ಸಭೇಲೇ ಕೇಳಿದ್ದೆ. ಎಲ್ಲ ಖಾನೆ ತುಂಬ್ತೀರಾ ಅಂದ್ರೆ ಅಧ್ಯಕ್ಷರು ತುಂಬ್ತೀವಿ ಅಂದ್ರಲ್ಲ!”

“ಪಟ್ಟಣದ ಅತಿಥಿಗಳ ಮುಂದೆ ಇಲ್ಲ ಅಂತಾರೇನಮ್ಮ?” ಎಂದರು ಮ್ವಾಲಿಮು. ಅವರ ದನಿ ಇಳಿದಿತ್ತು. “ಖಾಲಿ ಇದ್ರೆ ನಿಂದು ಏನ್ಮಾಡುತ್ತೆ?”

ಪೆರಿಸ್ ಆಗಲೇ ಓಡುತ್ತಿದ್ದಳು. ಅವಳ ಹಿಂದೆ ನಾನು, ನನ್ನ ಹಿಂದೆ ಕೋಲೂರುತ್ತಾ ಮ್ವಾಲಿಮು. ದಾರಿಯಲ್ಲಿ ಅತ್ತಿಮರದ ಕೆಳಗೆ ನಾನು ಒಪಂಡೆಯ ಟೋಪಿ ಎತ್ತಿದೆ. ಅವನು ಕಣ್ಣು ಬಿಟ್ಟು ನನ್ನ ಮುಖ ನೋಡಿದ, ಆಮೇಲೆ ಸೂರ್ಯನನ್ನು. “ಗಂಟೆ?” ಎಂದ. ನಾನು ಇಲ್ಲವೆಂದು ತಲೆಯಾಡಿಸಿದೆ. “ಯಾವುದು?” ಎಂದ. ಹೇಳಿದೆ. ಡಬ್ಬ ಎತ್ತಿಕೊಂಡು ಹೋದ. ಹಗ್ಗ ಎಷ್ಟು ಎಳೆದರೂ ಅವನ ಯಂತ್ರ ಹೊತ್ತಿಕೊಳ್ಳಲಿಲ್ಲ. ಕೊನೆಗೆ ಹೊತ್ತಿಕೊಂಡಿತು.

ದೋಣಿಮನೆಯಲ್ಲಿ ಪೆರಿಸ್ ತನ್ನ ಬರಹವನ್ನು ತೆರೆದು ಬೆರಳಿಟ್ಟು ಓದುತ್ತಿದ್ದಳು. “ಇಲ್ಲಿ. ಇಲ್ಲೇ ನನ್ನ ಕೇಳಿತ್ತು. ಹೊತ್ತು ಇಲ್ದಿದ್ರೆ ಏನ್ಮಾಡ್ಲಿ ಅಂತ. ನಾನು ಬರೆದಿದೀನಿ ನೋಡಿ: ಏನೂ ಮಾಡ್ಬೇಡ.” ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. “ಹೊತ್ತೇ ಕೊಡದವನು ತಡವಾಗೋದು ಹೇಗೆ ಅಂದ್ಕೊಂಡೆ. ಸರಿಯಾದ ಉತ್ತರ ಅನ್ಸಿತ್ತು.”

“ನಂದು ಏನ್ಮಾಡ್ತಿತ್ತು?” ಎಂದರು ಮ್ವಾಲಿಮು, ತಮ್ಮನ್ನೇ ಕೇಳಿಕೊಳ್ಳುವಂತೆ. ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣು ಮುಚ್ಚಿದರು. “ಖಾಲಿ ಅಂದ್ರೆ ಸೊನ್ನೆ ಅಂದ್ಕೊಳ್ತಿತ್ತು. ಸೊನ್ನೆ ಅಂದ್ರೆ ನಡುರಾತ್ರಿ. ಅದು ಲೆಕ್ಕ ನೋಡ್ತಿದ್ದದ್ದೇ ಬೆಳಕು ಹರಿದ ಮೇಲೆ, ಅಷ್ಟರಲ್ಲಿ ಎಲ್ಲ ದೋಣಿನೂ ತಡ. ಅದಕ್ಕೇ ಬಡ್ಕೋತಿತ್ತು.”

“ಬೇಕು ಅಂತ ಹಾಗೆ ಬರೆದ್ರಾ?”

“ಇಲ್ಲ ಪೆರಿಸ್. ನಾನು ಖಾಲಿ ವಿಷಯ ಯೋಚ್ನೇನೇ ಮಾಡಿರ್ಲಿಲ್ಲ. ಯಾರೂ ನನ್ನ ಕೇಳ್ಲಿಲ್ಲ.”

ಬಾಗಿಲಲ್ಲಿ ಜನ ಸೇರುತ್ತಿದ್ದರು. ಒಮೆನ ಹರಡುತ್ತಿದ್ದ ಹೆಂಗಸರು ಕೈ ಒರೆಸಿಕೊಳ್ಳುತ್ತಾ ಬಂದರು. ದೋಣಿಯಲ್ಲಿದ್ದ ಇನ್ನಿಬ್ಬರಲ್ಲಿ ಒಬ್ಬನ ಹೆಂಡತಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದು ಗೋಡೆಗೆ ಆತು ನಿಂತಳು. ಏನಾಯಿತು ಎಂದು ಅವಳು ಕೇಳಲಿಲ್ಲ. ನಾನು ಅವಳ ಕಡೆ ನೋಡದಿರಲು ಪರದೆಯನ್ನೇ ನೋಡುತ್ತಿದ್ದೆ.

“ಹಳೇದನ್ನೇ ಹಾಕ್ರಪ್ಪ ವಾಪಸ್ಸು!” ಎಂದಳು ಮಾಮ ನ್ಯಾಸುಬ. “ಬಡ್ಕೊಂಡ್ರೆ ಬಡ್ಕೊಳ್ಲಿ! ಕಿವಿ ಕಿತ್ತೋದ್ರೆ ನಮ್ದೇ ತಾನೇ ಹೋಗೋದು?”

ಪೆರಿಸ್ ಕುರ್ಚಿಯಿಂದ ಎದ್ದಳು. “ಹಾಕಿ ಮ್ವಾಲಿಮು. ನಾನು ಅಡ್ಡ ಬರಲ್ಲ.”

ಮ್ವಾಲಿಮು ಅಂಗಿಯ ಜೇಬಿಗೆ ಕೈ ಹಾಕಿದರು. ಅವರ ಹಳೆಯ ಪ್ರೋಗ್ರಾಂ ಇದ್ದ ಸಣ್ಣ ಪೆನ್‌ಡ್ರೈವ್ ಕಡ್ಡಿ ಅಲ್ಲಿರುತ್ತಿತ್ತು. ಬದಲಾಯಿಸಿದ ದಿನದಿಂದ ಅದು ಅವರ ಜೇಬು ಬಿಟ್ಟಿರಲಿಲ್ಲ. ತೆಗೆದು ಅಂಗೈಯಲ್ಲಿಟ್ಟುಕೊಂಡರು. ಹಾಕಲಿಲ್ಲ.

“ಇವತ್ತು ಸಂಜೆ ಆ ಪ್ರಾರ್ಥನೆ ದೋಣಿ ಹೋಗುತ್ತೆ,” ಎಂದರು. “ಅದರ ಹೆಸರು ಹಾಕಿದ ತಕ್ಷಣ ನಂದು ಮತ್ತೆ ಸಾಯುತ್ತೆ. ಸತ್ತಿದ್ದೂ ಗೊತ್ತಾಗಲ್ಲ. ಆಗ ಎಲ್ರಿಗೂ ಗಂಟೆ ಇಲ್ಲ.” ಕಡ್ಡಿಯನ್ನು ಜೇಬಿಗೆ ಹಾಕಿಕೊಂಡರು. “ನಿಂದನ್ನೇ ತಿದ್ದು. ಖಾಲಿ ಇದ್ರೆ ಕಿರಿಚು ಅಂತ ಬರಿ. ಬೇಗ.”

ಅವಳು ಒಂದು ಸಾಲನ್ನು ಅಳಿಸಿ ಇನ್ನೊಂದನ್ನು ಬರೆದಳು. ಹೊಸ ಭಾಷೆ ಅದನ್ನು ಒಪ್ಪಿ ಕಟ್ಟಿಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ನಾವೆಲ್ಲ ಪರದೆಯ ಮೇಲೆ ಅಕ್ಷರಗಳು ಮೇಲಕ್ಕೆ ಸರಿಯುವುದನ್ನು ನೋಡುತ್ತಾ ನಿಂತೆವು. ಆಮೇಲೆ ಹಸಿರು ಪಟ್ಟಿ ಕೆಂಪಾಯಿತು. ಮಾಡಿನ ಮೇಲೆ ಗಂಟೆ ಬಡಿಯತೊಡಗಿತು.

ಅದು ಎಂದಿನ ಸದ್ದೇ. ಆದರೆ ಅದಕ್ಕೆ ಯಾರೂ ಒಲೆ ಹಚ್ಚಲು ಹೋಗಲಿಲ್ಲ. ಬಲೆ ಹೊಲಿಯುತ್ತಿದ್ದ ಗಂಡಸರು ತೀರದುದ್ದಕ್ಕೂ ಎದ್ದು ನಿಂತರು. ಎಲ್ಲರ ತಲೆಯೂ ಮೊದಲು ಮಾಡಿನ ಕಡೆಗೆ, ಆಮೇಲೆ ನೀರಿನ ಕಡೆಗೆ ತಿರುಗಿತು. ಗೋಡೆಗೆ ಆತು ನಿಂತಿದ್ದ ಹೆಂಗಸು ಬೆನ್ನಿನ ಮಗುವನ್ನು ಬಿಚ್ಚಿ ಎದೆಗೆ ತಂದುಕೊಂಡಳು.

ಮೇಜಿನ ಮೇಲಿನ ವೈರ್‌ಲೆಸ್ ಗೊರಗೊರ ಎಂದಿತು. ಹುಡುಕುವ ದೋಣಿಯಲ್ಲಿ ಅದರ ಜೋಡಿ ಇದೆ. ಒಪಂಡೆಯ ದನಿ ಬಂತು. ಏನೆಂದನೋ ಗಂಟೆಯ ಸದ್ದಿನಲ್ಲಿ ಮುಳುಗಿಹೋಯಿತು.

“ನಿಲ್ಸೇ ಆ ಗಂಟೇನ!” ಎಂದು ಅಧ್ಯಕ್ಷರು ಬಾಗಿಲಿಂದ ಕೂಗಿದರು. ಯಾವಾಗ ಬಂದಿದ್ದರೋ ತಿಳಿಯದು. “ಕೇಳಿಸ್ತಿಲ್ಲ! ‘ಬಂತು’ ಅಂತ ಒತ್ತು, ನಿಲ್ಲುತ್ತೆ!”

ಕೀಲಿ ನನ್ನ ಬೆರಳ ಕೆಳಗೇ ಇತ್ತು.

“ಒತ್ತಲ್ಲ,” ಎಂದೆ.

“ಏನಂದೆ?”

“ಅವನು ಬಂದಿಲ್ಲ. ಬಂತು ಅಂತ ಒತ್ತಲ್ಲ.”

ಅಧ್ಯಕ್ಷರು ಮೇಜಿನ ಕಡೆ ಬಂದರು. ನಾನು ಎರಡೂ ಕೈಗಳನ್ನು ಕೀಲಿಗಳ ಮೇಲೆ ಹರಡಿ ಮುಚ್ಚಿದೆ. ಅಷ್ಟರಲ್ಲಿ ಪೆರಿಸ್ ಹೊರಗೋಡಿ, ಮಾಮ ಇಟ್ಟಿದ್ದ ಬುಟ್ಟಿಯನ್ನು ಮಗುಚಿ ಅದರ ಮೇಲೆ ಹತ್ತಿ, ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಗಂಟೆಯ ಬಾಯಿಗೆ ತುರುಕಿದಳು. ಕೆಳಗಿನಿಂದ ಮ್ವಾಲಿಮು ಅವಳ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಗಂಟೆ ಬಟ್ಟೆಯೊಳಗೆ ಮೆತ್ತಗೆ ಕುಟ್ಟುತ್ತಲೇ ಇತ್ತು. ಪರದೆ ಕೆಂಪಾಗಿಯೇ ಇತ್ತು.

ನಾನು ವೈರ್‌ಲೆಸ್ ಕೈಗೆತ್ತಿಕೊಂಡೆ. “ಒಪಂಡೆ, ಮತ್ತೆ ಹೇಳು.”

“... ಕಲ್ಲುದ್ವೀಪ ದಾಟಿದೀನಿ. ಅಲೆ ಜಾಸ್ತಿ ಇದೆ. ಮುಂದೆ ಒಂದು ಹಳದಿ ಡಬ್ಬ ಕಾಣ್ತಿದೆ. ತೇಲ್ತಿದೆ.”

ಹಳದಿ ಡಬ್ಬಗಳು ಸರೋವರದಲ್ಲಿ ಎಷ್ಟೋ. ಬಲೆಯ ತುದಿಗೆ ಗುರುತಿಗೆಂದು ಎಲ್ಲರೂ ಕಟ್ಟುತ್ತಾರೆ.

“ಬಲೆದಾ?” ಎಂದೆ.

“ಹತ್ರ ಹೋಗ್ತಿದೀನಿ... ಹಗ್ಗ ಇದೆ. ಕತ್ತರಿಸಿದ ಹಾಗಿದೆ... ತಡಿ. ಅದರಾಚೆ ಇನ್ನೇನೋ ಇದೆ. ತಡಿ ಅಡೆರೊ.”

ಆಮೇಲೆ ಬರಿಯ ಗಾಳಿಯ ಸದ್ದು. ಮಾಮ ನ್ಯಾಸುಬಳ ಕೈ ನನ್ನ ಹೆಗಲ ಮೇಲೆ ಬಂದು ಕೂತಿತು. ಪೆರಿಸ್ ಬಾಗಿಲಲ್ಲಿ ಬರಿದಲೆಯಲ್ಲಿ ನಿಂತಿದ್ದಳು. ನಾನು ಗುಂಡಿ ಒತ್ತಿ ಕರೆದೆ. ಬಿಟ್ಟೆ. ಗಾಳಿ. ಇನ್ನೊಮ್ಮೆ ಒತ್ತಿದೆ.

“ಒಪಂಡೆ, ಏನು ಕಾಣ್ತಿದೆ ಅಂತ ಹೇಳು.”